ಒಂದೇ ಥರದ ಎರಡು ಹಳೇ ರೈಫಲ್, ಬೆಲೆ ಮಾತ್ರ ನಾಲ್ಕು ಪಟ್ಟು ಯಾಕೆ?

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹಳೇ ಮಿಲಿಟರಿ ಬಂದೂಕು ಮಾರುವ ಒಂದು ಮೇಳಕ್ಕೆ ಹೋಗಿದ್ದನಂತೆ. ಒಂದೇ ಮೇಜಿನ ಮೇಲೆ ಎರಡು ಲೀ-ಎನ್‌ಫೀಲ್ಡ್ ರೈಫಲ್ ಇಟ್ಟಿದ್ದರಂತೆ. ನೋಡಲು ಅವಳಿ-ಜವಳಿ. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಕಪ್ಪಗೆ, ಮಾಸಲು. ಆದರೆ ಮಾಸಲು ಇರುವುದಕ್ಕೆ ನಾಲ್ಕು ಪಟ್ಟು ಬೆಲೆ! ಇದಕ್ಕೆ ಏನು ಕಾರಣ? ನಮ್ಮ ಮನೆಯಲ್ಲೂ ಅಜ್ಜನ ಕಾಲದ ಕೇಪಿನ ಕೋವಿ (ಮೂತಿಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವುದು) ಇದೆ. ಲೈಸೆನ್ಸ್ ನನ್ನ ಹೆಸರಿಗಿದೆ. ಪಕ್ಕದ ತಗಡಿನ ಮೇಲೆ ಒಂದು ಕಿರೀಟ, ಇಂಗ್ಲಿಷಿನಲ್ಲಿ ‘ಟವರ್’ ಅಂತ ಬರಹ ಕಾಣುತ್ತದೆ. ಇದಕ್ಕೂ ಬೆಲೆ ಇದೆಯಾ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಮಗ ನೋಡಿದ ಬೆಲೆ ಸರಿಯಾಗಿಯೇ ಇದೆ. ಮಾಸಲು ರೈಫಲಿಗೆ ಜಾಸ್ತಿ ಬೆಲೆ ಹಾಕಿದವನಿಗೆ ತಾನು ಮಾರುವುದು ಏನು ಅಂತ ಚೆನ್ನಾಗಿ ಗೊತ್ತಿತ್ತು.

ಶಿವಮೊಗ್ಗ ಮಂಡಿಗೆ ಅಡಿಕೆ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಯ ದರ್ಜೆಗಳಲ್ಲಿ ‘ಸರಕಿಗೆ’ ಒಂದು ದರ, ಬೆಟ್ಟೆಗೆ ಒಂದು, ರಾಶಿಗೆ ಒಂದು, ಗೊರಬಲಿಗೆ ಇನ್ನೊಂದು. ಹೊರಗಿನವರ ಕಣ್ಣಿಗೆ ಎಲ್ಲವೂ ಅಡಿಕೆಯೇ. ಮಂಡಿಯವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಆಡಿಸಿ ಹೇಳಿಬಿಡುತ್ತಾರೆ. ಕೊಯ್ದದ್ದು ಯಾವಾಗ, ಬೇಯಿಸಿದ್ದು ಹೇಗೆ, ಒಣಗಿಸುವಾಗ ಮಳೆ ಬಿತ್ತಾ ಅನ್ನುವುದೆಲ್ಲ ಅವರಿಗೆ ಕಾಣುತ್ತದೆ. ಹಳೇ ರೈಫಲ್ ಕೊಳ್ಳುವವರೂ ಹಾಗೇ. ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇವತ್ತಿನವರೆಗೆ ಅದಕ್ಕೆ ಯಾರು ಏನು ಮಾಡಿದರು ಅನ್ನುವುದನ್ನು ಅವರು ಹುಡುಕುತ್ತಾರೆ. ಯಾರೂ ಏನೂ ಮಾಡಿಲ್ಲ ಅಂದರೆ ಬೆಲೆ ಏರುತ್ತದೆ. ಯಾರೋ ‘ಚೆಂದ’ ಮಾಡಿದ್ದಾರೆ ಅಂದರೆ ಇಳಿಯುತ್ತದೆ.

ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು. ನಿವೃತ್ತಿಯಾಗಿ ಸಾಗರದ ಹತ್ತಿರ ತೋಟ ಮಾಡಿಕೊಂಡಿದ್ದೇನೆ. ವರ್ಷಗಟ್ಟಲೆ ರೈಫಲ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ ಕೈ ಇದು. ಆದ್ದರಿಂದ ಮೊದಲು ನಂಬರಿನ ವಿಷಯ ಹೇಳುತ್ತೇನೆ.

ಲೀ-ಎನ್‌ಫೀಲ್ಡ್ ಅಂದರೆ ನಮ್ಮ ಪೊಲೀಸರ ಕೈಯಲ್ಲಿ ಬಹಳ ಕಾಲ ಇದ್ದ ‘ತ್ರೀ ನಾಟ್ ತ್ರೀ’. ಬ್ರಿಟಿಷರು 1907ರಲ್ಲಿ ಇದರ ಮಾರ್ಕ್ 3 ತಂದರು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ಇದು ತಯಾರಾಯಿತು. ಈ ರೈಫಲಿನ ಬಾಡಿ (ಬೋಲ್ಟ್ ಕೂರುವ ಮಧ್ಯದ ಕಬ್ಬಿಣ), ನಳಿಗೆ, ಬೋಲ್ಟ್ (ಹಿಂದೆ-ಮುಂದೆ ಎಳೆಯುವ ಚಿಲಕ), ಹಿಂಬದಿ ಸೈಟು (ಗುರಿ ಹಿಡಿಯುವ ಸಾಧನ), ಮೂತಿಯ ಕಬ್ಬಿಣದ ಟೊಪ್ಪಿ, ಮುಂದಿನ ಮರ, ಇಷ್ಟರ ಮೇಲೂ ಒಂದೇ ನಂಬರ್ ಒತ್ತುತ್ತಿದ್ದರು. ಅದಕ್ಕೆ ಕಾರಣವಿದೆ. ಬೋಲ್ಟು ಬಾಡಿಯ ಒಳಗೆ ತೋಟೆಯನ್ನು (ಕಾರ್ಟ್ರಿಡ್ಜ್) ಸರಿಯಾಗಿ ಅದುಮಿ ಹಿಡಿಯಬೇಕು. ಮಿತಿ ಮೀರಿ ಸಡಿಲವಾದರೆ ತೋಟೆ ಒಡೆದು ಬಿಸಿ ಗಾಳಿ ಮುಖಕ್ಕೆ ಹೊಡೆಯಬಹುದು. ಅದಕ್ಕೇ ಒಂದೊಂದು ಬೋಲ್ಟನ್ನೂ ಒಂದೊಂದು ಬಾಡಿಗೆ ಕೂರಿಸಿ ನೋಡಿ ನಂಬರ್ ಹಾಕುತ್ತಿದ್ದರು. ಕೋತ್‌ನಲ್ಲಿ (ಆಯುಧ ಇಡುವ ಕೋಣೆಯಲ್ಲಿ) ನೂರಾರು ರೈಫಲ್ ಸಾಲಾಗಿ ನಿಂತಿರುವಾಗ ಎರಡು ಬೋಲ್ಟ್ ಅದಲು-ಬದಲಾಗುವುದು ಎಷ್ಟು ಸುಲಭ ಅಂತ ನನಗೆ ಗೊತ್ತು. ಹಾಗಿರುವಾಗ ನೂರು ವರ್ಷ, ಎರಡು ಮಹಾಯುದ್ಧ, ಹತ್ತಾರು ಸೈನಿಕರ ಕೈ ದಾಟಿಯೂ ಆರು ಕಡೆ ಒಂದೇ ನಂಬರ್ ಉಳಿದಿದೆ ಅಂದರೆ ಅದು ಸುಮ್ನೆ ಅಲ್ಲ. ನಿಮ್ಮ ಮಗ ನೋಡಿದ ಮಾಸಲು ರೈಫಲಿನಲ್ಲಿ ಬಹುಶಃ ಹಾಗಿತ್ತು.

ಮಾರ್ಕ್ 3ರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಮೊದಲಿನ ರೈಫಲುಗಳಲ್ಲಿ ಮ್ಯಾಗಜಿನ್ನಿಗೆ (ತೋಟೆ ತುಂಬುವ ಪೆಟ್ಟಿಗೆ) ಅಡ್ಡ ಹಾಕುವ ಒಂದು ತಗಡು ಇತ್ತು. ಬಹಳ ದೂರದ ಗುಂಪಿಗೆ ಗುರಿ ಹಿಡಿಯಲು ಪಕ್ಕದಲ್ಲಿ ಇನ್ನೊಂದು ಸೈಟು ಇತ್ತು. ಮೊದಲ ಮಹಾಯುದ್ಧದ ಮಧ್ಯೆ ತಯಾರಿಕೆ ಬೇಗ ಆಗಲಿ ಅಂತ ಎರಡನ್ನೂ ಕೈಬಿಟ್ಟರು. ಹಾಗಾಗಿ ಈ ಎರಡೂ ಉಳಿದಿರುವ ಯುದ್ಧಪೂರ್ವದ ರೈಫಲ್ ಸಿಕ್ಕರೆ ಸಂಗ್ರಹ ಮಾಡುವವರು ಬಿಡುವುದಿಲ್ಲ.

ಜರ್ಮನಿಯ ಮೌಸರ್ ಕೆ-98ರಲ್ಲಿ ಈ ನಂಬರಿನ ಲೆಕ್ಕ ಇನ್ನೂ ಬಿಗಿ. ಸಣ್ಣ ಸಣ್ಣ ಭಾಗಕ್ಕೂ, ಕೆಲವು ಸ್ಕ್ರೂಗಳಿಗೂ ನಂಬರ್ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯ ಇಂಥ ರೈಫಲುಗಳನ್ನು ರಾಶಿ ರಾಶಿ ವಶಪಡಿಸಿಕೊಂಡಿತು. ಆಮೇಲೆ ಬಿಚ್ಚಿ, ತೊಳೆದು, ಕೈಗೆ ಸಿಕ್ಕ ಭಾಗ ಸೇರಿಸಿ, ಮರಕ್ಕೆ ಕೆಂಪು ಅರಗಿನ ಪಾಲಿಶ್ ಬಳಿದು ಗೋದಾಮಿಗೆ ಹಾಕಿತು. ಬೋಲ್ಟಿನ ಮೇಲೆ ಹೊಸದಾಗಿ ನಂಬರ್ ಗೀಚಿತು. ಇವತ್ತು ಆ ರೈಫಲ್ ಕೆಲಸಕ್ಕೆ ಏನೂ ಕಡಿಮೆ ಇಲ್ಲ, ನೋಡಲು ಅಚ್ಚುಕಟ್ಟು. ಆದರೂ ಅಮೆರಿಕದ ಸೈನಿಕನೊಬ್ಬ 1945ರಲ್ಲಿ ಮನೆಗೆ ತಂದು, ಆಮೇಲೆ ಯಾರೂ ಮುಟ್ಟದೆ ಅಟ್ಟದಲ್ಲಿ ಉಳಿದ ಕೆ-98ರ ಮುಂದೆ ಅದಕ್ಕೆ ಸಿಗುವುದು ಬಹಳ ಕಡಿಮೆ. ಆ ಸೈನಿಕನಿಗೆ ಅವನ ಅಧಿಕಾರಿ ಸಹಿ ಮಾಡಿ ಕೊಟ್ಟ ‘ಇದನ್ನು ಊರಿಗೆ ಒಯ್ಯಬಹುದು’ ಅನ್ನುವ ಚೀಟಿಯೂ ಜೊತೆಗಿದ್ದರೆ ಬೆಲೆ ಮತ್ತೂ ಮೇಲೆ. ಅದೇ ಸೈನಿಕ ರೈಫಲ್ ತನ್ನ ಚೀಲದಲ್ಲಿ ಹಿಡಿಯಲಿಲ್ಲ ಅಂತ ಮರವನ್ನು ಗರಗಸದಲ್ಲಿ ಎರಡು ತುಂಡು ಮಾಡಿದ್ದರೆ? ನಂಬರ್ ಎಲ್ಲ ಸರಿ ಇದ್ದರೂ ಬೆಲೆಗೆ ದೊಡ್ಡ ಪೆಟ್ಟು. ಇಂಥವು ಎಷ್ಟಿವೆ ಅಂದರೆ ಆ ಕೊಯ್ತಕ್ಕೇ ಅಲ್ಲಿನವರು ಒಂದು ಹೆಸರು ಇಟ್ಟುಬಿಟ್ಟಿದ್ದಾರೆ.

ಎಲ್ಲ ರೈಫಲಿಗೂ ಇದೇ ಅಳತೆ ಅಂದುಕೊಳ್ಳಬಾರದು. ಅಮೆರಿಕದವರ ಗ್ಯಾರಂಡ್ 1936ರಲ್ಲಿ ಸೈನ್ಯಕ್ಕೆ ಬಂತು. ಅದರ ಬಿಡಿಭಾಗಗಳ ಮೇಲೆ ಸೀರಿಯಲ್ ನಂಬರ್ ಇಲ್ಲ, ಆ ಭಾಗದ ವಿನ್ಯಾಸದ ನಕ್ಷೆಯ (ಡ್ರಾಯಿಂಗ್) ನಂಬರ್ ಮಾತ್ರ ಇದೆ. ಯಾವ ಭಾಗ ಯಾವ ಗ್ಯಾರಂಡಿಗೂ ಕೂರುತ್ತದೆ, ಕೂರಬೇಕು ಅಂತಲೇ ಮಾಡಿದ್ದು. ಯುದ್ಧ ಮುಗಿದ ಮೇಲೆ ಬಹುಪಾಲು ಗ್ಯಾರಂಡುಗಳನ್ನು ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಹಾಗಾಗಿ ಅಲ್ಲಿ ಭಾಗಗಳು ಬೆರಕೆಯಾಗಿರುವುದು ಸಹಜ ಸ್ಥಿತಿ. ಕೆಲವರು ಒಂದೇ ಕಾಲದ ನಕ್ಷೆ ನಂಬರ್ ಇರುವ ಭಾಗಗಳನ್ನು ಹುಡುಕಿ ತಂದು ಹಳೆಯದರ ಹಾಗೆ ಜೋಡಿಸಿ ಮಾರುತ್ತಾರೆ. ಹಾಗಂತ ಹೇಳಿ ಮಾರಿದರೆ ತಪ್ಪಿಲ್ಲ. ‘ಕಾರ್ಖಾನೆಯಿಂದ ಹೀಗೇ ಬಂದದ್ದು’ ಅಂತ ಮಾರಿದರೆ ಅದು ಸುಳ್ಳು. ಜಪಾನಿನ ಅರಿಸಾಕ ರೈಫಲಿನಲ್ಲಿ ನಂಬರಿಗಿಂತ ಮೊದಲು ನೋಡುವುದು ಒಂದು ಹೂವನ್ನು. ಚಕ್ರವರ್ತಿಯ ಗುರುತಾದ 16 ಎಸಳಿನ ಸೇವಂತಿಗೆಯನ್ನು ಬಾಡಿಯ ಮೇಲೆ ಒತ್ತಿರುತ್ತಾರೆ. 1945ರಲ್ಲಿ ಶರಣಾದಾಗ ಬಹಳಷ್ಟು ರೈಫಲುಗಳ ಮೇಲಿನ ಆ ಹೂವನ್ನು ಉಜ್ಜಿ ಅಳಿಸಿದರು. ಯುದ್ಧಭೂಮಿಯಲ್ಲೇ ಕೈಗೆ ಸಿಕ್ಕ ರೈಫಲುಗಳಲ್ಲಿ ಹೂವು ಉಳಿಯಿತು. ಹೂವು ಉಳಿದದ್ದಕ್ಕೆ ಬೆಲೆ ಜಾಸ್ತಿ.

ಈಗ ಹೊಳಪಿನ ಮಾತು. ಇದು ನನಗೆ ನಿಜವಾಗಿಯೂ ನೋವು ಕೊಡುವ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆ ನೆಂಟರ ಪೈಕಿ ಒಂದು ಮನೆಗೆ ನವರಾತ್ರಿ ಸಮಯದಲ್ಲಿ ಹೋಗಿದ್ದೆ. ದೇವರ ಮುಂದೆ ಕತ್ತಿ, ಹಾರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಪಕ್ಕದಲ್ಲಿ ಒಂದು ಉದ್ದನೆಯ ಕೇಪಿನ ಕೋವಿ. ಚಿನ್ನದ ಹಾಗೆ ಹೊಳೆಯುವ ಹಿತ್ತಾಳೆ, ಬೆಳ್ಳಿಯ ಹಾಗೆ ಬಿಳಿಯ ನಳಿಗೆ. ಮನೆಯ ಹುಡುಗ ಎರಡು ದಿನ ಕೂತು ಎಮರಿ ಕಾಗದದಲ್ಲಿ ತಿಕ್ಕಿದ್ದ. ಹಿತ್ತಾಳೆಗೆ ಹುಣಸೆಹಣ್ಣು. ಮರವನ್ನು ಕೆರೆದು ಬಾಗಿಲಿಗೆ ಬಳಿಯುವ ವಾರ್ನಿಷ್ ಹೊಡೆದಿದ್ದ. ಭಕ್ತಿಯಿಂದ ಮಾಡಿದ ಕೆಲಸ, ತಪ್ಪು ಹೇಳಲು ಬಾಯಿ ಬರಲಿಲ್ಲ. ಕೋವಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಲಾಕಿನ (ಕೇಪು ಹೊಡೆಯುವ ಯಂತ್ರದ) ತಗಡಿನ ಮೇಲೆ ಕಿರೀಟದ ಮೇಲ್ಭಾಗದ ಎರಡು ಚುಕ್ಕೆ ಮಾತ್ರ ಉಳಿದಿತ್ತು. ಇಸವಿಯ ಜಾಗದಲ್ಲಿ ಮೊದಲ ಎರಡು ಅಂಕೆಯ ನೆರಳು. ಮರದ ಬಲಬದಿಯಲ್ಲಿ ತಯಾರಕರ ದುಂಡು ಮುದ್ರೆ ಇರಬೇಕಾದ ಕಡೆ ಬೆರಳಾಡಿಸಿದೆ, ನುಣುಪಾದ ವಾರ್ನಿಷ್ ಬಿಟ್ಟರೆ ಏನೂ ಸಿಗಲಿಲ್ಲ. ನೂರೈವತ್ತು ವರ್ಷ ಮಲೆನಾಡಿನ ಮಳೆಗೂ ಹೋಗದ ಗುರುತು ಎರಡು ದಿನದಲ್ಲಿ ಹೋಗಿತ್ತು.

ಕಬ್ಬಿಣದ ಮೇಲಿನ ಆ ಕಂದು-ಕಪ್ಪು ಪದರ ಕೊಳೆಯಲ್ಲ. ಅದರ ಕೆಳಗೆ ಮುದ್ರೆಗಳ ಅಂಚು ಚೂಪಾಗಿ ಉಳಿದಿರುತ್ತದೆ. ತಿಕ್ಕಿದರೆ ಮೊದಲು ಹೋಗುವುದೇ ಅಂಚು. ಒಮ್ಮೆ ಹೋದರೆ ಮತ್ತೆ ತರುವ ದಾರಿ ಇಲ್ಲ. ಹೊಸದಾಗಿ ಒತ್ತಿಸಿದರೆ ಅದು ನಕಲಿ ಆಗುತ್ತದೆ. ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಳಿಗೆಯ ಒಳಗೂ ಹೀಗೇ ಒಂದು ಕಥೆ ಇದೆ. ಹಳೇ ಮಿಲಿಟರಿ ತೋಟೆಗಳ ಕೇಪಿನಲ್ಲಿ ಇರುತ್ತಿದ್ದ ರಾಸಾಯನಿಕ ಸುಟ್ಟ ಮೇಲೆ ಒಂದು ಥರದ ಉಪ್ಪಾಗಿ ನಳಿಗೆಯಲ್ಲಿ ಕೂರುತ್ತಿತ್ತು. ಉಪ್ಪಿನ ಜಾಡಿ ಮಳೆಗಾಲದಲ್ಲಿ ಹೇಗೆ ನೀರಾಡುತ್ತದೆ, ಅಲ್ವಾ? ನಳಿಗೆಯಲ್ಲೂ ಅದೇ ಆಗುತ್ತಿತ್ತು. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ. ಅದಕ್ಕೆ ಹಳೇ ಕಾಲದ ಆರ್ಮರರುಗಳು ಲಾಳಿಕೆ ಇಟ್ಟು ಕುದಿಯುವ ನೀರು ಹೊಯ್ದು ತೊಳೆಯುತ್ತಿದ್ದರು. ಹಾಗೆ ತೊಳೆದವರ ಕೈಯಲ್ಲಿದ್ದ ರೈಫಲಿನ ಒಳಗೆ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಇವತ್ತಿಗೂ ಕನ್ನಡಿಯ ಹಾಗಿರುತ್ತವೆ. ಉದಾಸೀನ ಮಾಡಿದವರದ್ದು ಒಳಗೆ ಹುಳ ಕೊರೆದ ಮರದ ಹಾಗೆ. ಹೊರಗೆ ಎಷ್ಟೇ ಚೆಂದ ಇರಲಿ, ನಳಿಗೆ ಹಾಳಾಗಿದ್ದರೆ ಕೊಳ್ಳುವವನು ಅಲ್ಲೇ ಬೆಲೆ ಇಳಿಸುತ್ತಾನೆ.

ಇನ್ನು ಪೂರೈಕೆ. ಹೊರದೇಶದ ಅಡಿಕೆ ಬಂದಾಗ ನಮ್ಮಲ್ಲಿ ದರ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಹಳೇ ರೈಫಲುಗಳೆಲ್ಲ ಅಮೆರಿಕಕ್ಕೆ ಹಡಗಿನಲ್ಲಿ ಬಂದು ಬಿದ್ದವು. ಅಂಚೆಯಲ್ಲಿ ದುಡ್ಡು ಕಳಿಸಿದರೆ ರೈಫಲ್ ಮನೆಗೆ ಬರುತ್ತಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ಇಟಲಿಯ ಕಾರ್ಕಾನೊ ರೈಫಲ್ ಕೂಡ ಹಾಗೆ ತರಿಸಿದ್ದೇ. ದುರ್ಬೀನು ಸಮೇತ ಅದರ ಬೆಲೆ 19 ಡಾಲರ್ 95 ಸೆಂಟ್. ಅಷ್ಟು ಅಗ್ಗ ಇದ್ದಾಗ ಯಾರಿಗೆ ಅದರ ಮೇಲೆ ಗೌರವ? ಬೇಟೆಗೆ ಹಗುರವಾಗಲಿ ಅಂತ ಮುಂದಿನ ಮರ ಕತ್ತರಿಸಿದರು, ನಳಿಗೆ ಗಿಡ್ಡ ಮಾಡಿದರು, ದುರ್ಬೀನು ಕೂರಿಸಲು ಬಾಡಿಗೆ ತೂತು ಕೊರೆದರು. ಆ ಲಕ್ಷಾಂತರ ರೈಫಲುಗಳಿಗೆ ಇವತ್ತು ಸಂಗ್ರಹದ ಬೆಲೆ ಇಲ್ಲ. ಕತ್ತರಿಸದೆ ಉಳಿದವಕ್ಕೆ ಬೆಲೆ ಬಂದದ್ದೂ ಅದರಿಂದಲೇ.

1968ರಲ್ಲಿ ಅಮೆರಿಕ ಕಾನೂನು ಬಿಗಿ ಮಾಡಿತು. ಅಂಚೆ ವ್ಯಾಪಾರ ನಿಂತಿತು, ಮಿಲಿಟರಿ ಹಳೇ ರೈಫಲುಗಳ ಆಮದೂ ನಿಂತಿತು. 1980ರ ದಶಕದ ಮಧ್ಯದಲ್ಲಿ ಹಳೆಯದಕ್ಕೆ ಮತ್ತೆ ಬಾಗಿಲು ತೆರೆದರು. ಆದರೆ ತಂದವನು ತನ್ನ ಹೆಸರನ್ನು ಲೋಹದ ಮೇಲೆ ಒತ್ತಬೇಕು. ಹಾಗಾಗಿ ನಳಿಗೆಯ ಮೇಲೆ ಯಾವುದೋ ಕಂಪನಿ, ಯಾವುದೋ ಊರಿನ ಹೆಸರು ಸಣ್ಣ ಅಕ್ಷರದಲ್ಲಿ ಕಂಡರೆ ಅದು ಆಮದಿನ ಗುರುತು. ಅದು ಇದ್ದರೆ ಸ್ವಲ್ಪ ಬೆಲೆ ಕಡಿಮೆ. ನಿಮ್ಮ ಮಗನಿಗೆ ಹೇಳಿ, ಹೊಳೆಯುತ್ತಿದ್ದ ಆ ರೈಫಲಿನಲ್ಲಿ ಮೂತಿಯ ಹತ್ತಿರ ಹುಡುಕಿದ್ದರೆ ಬಹುಶಃ ಸಿಗುತ್ತಿತ್ತು.

ರಷ್ಯಾದ ಮೊಸಿನ್-ನಾಗಾಂಟ್ ಇದಕ್ಕೆ ಒಳ್ಳೆಯ ಉದಾಹರಣೆ. 1891ರ ವಿನ್ಯಾಸ, ಕೋಟಿಗಟ್ಟಲೆ ತಯಾರಾದದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಗೋದಾಮುಗಳು ತೆರೆದುಕೊಂಡವು. 2000ದ ಆಚೀಚೆ ಅಮೆರಿಕದಲ್ಲಿ 100 ಡಾಲರ್ ಒಳಗೇ ಒಂದು ಸಿಗುತ್ತಿತ್ತು. ಅದರ ತೋಟೆಯೂ ಡಬ್ಬಗಟ್ಟಲೆ ಅಗ್ಗ. ಜನ ಇದು ಎಂದೂ ಮುಗಿಯುವುದಿಲ್ಲ ಅಂದುಕೊಂಡರು. ಗೋದಾಮು ಖಾಲಿಯಾಯಿತು, ಬೆಲೆ ಹಲವು ಪಟ್ಟು ಏರಿತು. ಅದೇ ಮೊಸಿನ್ನಿನಲ್ಲೂ ಫಿನ್ಲೆಂಡ್ ಸೈನ್ಯ ತಾನೇ ಹೊಸ ನಳಿಗೆ ಹಾಕಿ ಕಟ್ಟಿದ ಎಂ-39ಕ್ಕೆ ಮೊದಲಿನಿಂದಲೂ ಬೇರೆಯದೇ ಮರ್ಯಾದೆ, ಯಾಕೆಂದರೆ ಅದು ಕಡಿಮೆ ಸಂಖ್ಯೆಯದ್ದು, ಗುರಿಯೂ ಚೆನ್ನಾಗಿ. ಇದಕ್ಕೆ ಉಲ್ಟಾ ಆಗುವುದೂ ಉಂಟು. 2003ರಲ್ಲಿ ನೇಪಾಳದ ಹಳೇ ಅರಮನೆಯ ಶಸ್ತ್ರಾಗಾರದಲ್ಲಿದ್ದ ಸಾವಿರಾರು ಮಾರ್ಟಿನಿ-ಹೆನ್ರಿ, ಸ್ನೈಡರ್ ಕೋವಿಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡು ತಂದರು. ಅಲ್ಲಿಯವರೆಗೆ ಹುಡುಕಿದರೂ ಸಿಗದಿದ್ದ ಕೆಲವು ನಮೂನೆಗಳು ಒಮ್ಮೆಲೇ ಎಲ್ಲರ ಕೈಗೆ ಸಿಗುವಂತಾದವು.

ನಮ್ಮ ಇಶಾಪುರದ 2ಎ ಮತ್ತು 2ಎ1 ರೈಫಲುಗಳು ಕೂಡ ಹಾಗೆ ಅಲ್ಲಿಗೆ ಹೋಗಿ ಬಹಳ ಕಾಲ ಅಗ್ಗದ ಮಾಲು ಅನ್ನಿಸಿಕೊಂಡವು. ಹಳೇ ತ್ರೀ ನಾಟ್ ತ್ರೀ ನಳಿಗೆ ಬದಲಿಸಿ 7.62 ಮಿ.ಮೀ. ತೋಟೆಗೆ ಹೊಂದುವಂತೆ ಮಾಡಿದ್ದಾರೆ ಅಂತ ಅಲ್ಲಿನವರು ತಪ್ಪು ತಿಳಿದಿದ್ದರು. ಅದು ಹಾಗಲ್ಲ. 1960ರ ದಶಕದಲ್ಲಿ, ಚೀನಾ ಯುದ್ಧದ ನಂತರ, ಹೊಸ ತೋಟೆಗೆ ತಡೆಯುವಂಥ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ ರೈಫಲ್ ಅದು. ಈ ಸತ್ಯ ತಿಳಿದ ಮೇಲೆ ಅದರ ಬೆಲೆಯೂ ನಿಧಾನಕ್ಕೆ ಮೇಲೆ ಬಂದಿದೆ. ನನಗೆ ಅದು ಸಂತೋಷದ ವಿಷಯ.

ಬೆಲೆ ಇರುವ ಕಡೆ ನಕಲಿಯೂ ಬರುತ್ತದೆ. ಲೀ-ಎನ್‌ಫೀಲ್ಡಿನ ಸ್ನೈಪರ್ ರೈಫಲ್, ಅಂದರೆ ನಂ. 4 (ಟಿ), ಚೆನ್ನಾಗಿ ಗುರಿ ಹೊಡೆಯುವ ರೈಫಲುಗಳನ್ನು ಆರಿಸಿ ಹೆಚ್ಚಾಗಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯಲ್ಲಿ ದುರ್ಬೀನು ಕೂರಿಸಿದ್ದು. ಆ ದುರ್ಬೀನಿನ ನಂಬರನ್ನು ಹಿಂಬದಿಯ ಮರದ ಮೇಲೆ ಒತ್ತುತ್ತಿದ್ದರು. ರೈಫಲ್, ಅದೇ ನಂಬರಿನ ದುರ್ಬೀನು, ಎರಡನ್ನೂ ಇಡುವ ಮರದ ಪೆಟ್ಟಿಗೆ, ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ಸಾಮಾನ್ಯ ನಂ. 4ಕ್ಕೆ ತೂತು ಕೊರೆದು ಸ್ನೈಪರ್ ಅಂತ ಮಾರುವವರಿದ್ದಾರೆ. ‘ಜಂಗಲ್ ಕಾರ್ಬೈನ್’ ಅನ್ನುವ ಗಿಡ್ಡ ನಂ. 5ರದ್ದೂ ಅದೇ ಕಥೆ. ಅಸಲಿಯಲ್ಲಿ ತೂಕ ಇಳಿಸಲು ಬಾಡಿಯ ಮೇಲೂ ನಳಿಗೆಯ ಬುಡದಲ್ಲೂ ಕಬ್ಬಿಣ ಕೆತ್ತಿ ತೆಗೆದಿರುತ್ತಾರೆ. ನಕಲಿಯಲ್ಲಿ ನಳಿಗೆ ಕತ್ತರಿಸಿ ಮೂತಿಗೆ ಕೊಳವೆ ಸಿಕ್ಕಿಸಿರುತ್ತಾರೆ, ಬುಡ ದಪ್ಪವಾಗಿಯೇ ಇರುತ್ತದೆ.

ಖೈಬರ್ ಕಣಿವೆಯ ಕಡೆ ಕೈಯಲ್ಲೇ ತಟ್ಟಿ ಮಾಡಿದ ನಕಲುಗಳನ್ನು ಹಿಡಿಯುವುದು ಇನ್ನೂ ಸುಲಭ. ಅಲ್ಲಿಯ ಕಮ್ಮಾರರು ಕೈಚಳಕದವರು, ಆದರೆ ಇಂಗ್ಲಿಷ್ ಓದಲು ಬಾರದವರು. ಎನ್‌ಫೀಲ್ಡ್ ಅನ್ನುವುದರಲ್ಲಿ ‘ಎನ್’ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಗುರುತಿನ ಕೆಳಗೆ 1910ರಂಥ ಇಸವಿ ಇರುತ್ತದೆ. ರಾಣಿ ತೀರಿಕೊಂಡದ್ದು 1901ರಲ್ಲಿ.

ಈಗ ನಿಮ್ಮ ಕೋವಿಗೆ ಬರುತ್ತೇನೆ. ಮೊದಲ ಮಾತು, ಅದು ತುಂಬಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಗೋಡೆಗೆ ತೂಗಿದ ಹಳೇ ಕೇಪಿನ ಕೋವಿಯಲ್ಲಿ ಮದ್ದು ಹಾಗೇ ಉಳಿದಿರುವುದು ಅಪರೂಪವಲ್ಲ. ಕರಿಮದ್ದು ಒಣಗಿದ್ದರೆ ದಶಕಗಳ ನಂತರವೂ ಹೊತ್ತಿಕೊಳ್ಳುತ್ತದೆ. ಮೂತಿಯ ಎದುರು ಯಾರೂ ಇರಬಾರದು, ಕೈಯನ್ನೂ ನೇರ ಇಡಬೇಡಿ. ಗಜವನ್ನು (ಮದ್ದು ಜಡಿಯುವ ಸರಳು) ಒಳಗೆ ಇಳಿಸಿ, ನಿಂತ ಕಡೆ ಗುರುತು ಮಾಡಿ, ಹೊರಗೆ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿ. ಬುಡದವರೆಗೆ ಹೋಗದೆ ಮೂರು-ನಾಲ್ಕು ಬೆರಳು ಮೊದಲೇ ನಿಂತಿದೆ ಅಂದರೆ ಒಳಗೆ ಏನೋ ಇದೆ. ನೀವೇ ತೆಗೆಯಲು ಹೋಗಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಕಿರೀಟ ಮತ್ತು ‘ಟವರ್’ ಇದ್ದರೆ ಅದು ಬ್ರಿಟಿಷ್ ಮಿಲಿಟರಿ ಮಾಲು ಆಗಿರುವ ಸಾಧ್ಯತೆ ಇದೆ, ಹೆಚ್ಚಾಗಿ 1853ರ ಎನ್‌ಫೀಲ್ಡ್ ನಮೂನೆಯದ್ದು ಅಥವಾ ಅದರ ಸಂಬಂಧಿ. ಪೂರ್ಣ ಉದ್ದದ್ದಾದರೆ ನಳಿಗೆ 39 ಅಂಗುಲ, ಮೂರು ಕಬ್ಬಿಣದ ಪಟ್ಟಿ ಇರುತ್ತದೆ. ಒಳಗೆ ಗೀರುಗಳಿವೆಯಾ, ನುಣುಪಾಗಿದೆಯಾ ನೋಡಿ. 1857ರ ದಂಗೆಯ ನಂತರ ಸಿಪಾಯಿಗಳಿಗೆ ಗೀರಿಲ್ಲದ ನಳಿಗೆಯ ಕೋವಿಯನ್ನೇ ಕೊಟ್ಟರು, ಅವರ ಗುಂಡು ದೂರಕ್ಕೆ ಗುರಿ ಮುಟ್ಟಬಾರದು ಅಂತ. ಬರೀ ಕಿರೀಟದ ಬದಲು ಕಿರೀಟ ಹಿಡಿದ ಸಿಂಹ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯದ್ದು. ನಳಿಗೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅಕ್ಷರ ಕಂಡರೆ ಬೆಲ್ಜಿಯಂನ ಲಿಯೇಜ್ ಊರಿನಲ್ಲಿ ಪರೀಕ್ಷೆಯಾದ ನಳಿಗೆ ಅಂತ ತಿಳಿಯಿರಿ. ಕಾಡಿನಲ್ಲಿ ಓಡಾಡಲು ಅನುಕೂಲ ಅಂತ ನಮ್ಮ ಹಿರಿಯರು ನಳಿಗೆ ಕಡಿಸಿದ್ದನ್ನೂ ನಾನು ನೋಡಿದ್ದೇನೆ.

ದುಡ್ಡಿನ ವಿಷಯ ಕೇಳಿದಿರಿ, ನೇರವಾಗಿ ಹೇಳುತ್ತೇನೆ. ಅಮೆರಿಕದ ಬೆಲೆ ನಿಮಗೆ ಸಿಗುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಲ್ಲೇ ಮಾರಬೇಕೆಂದರೆ ಕೊಳ್ಳುವವರಿಗೆ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಜಾಸ್ತಿ ಕೋವಿ ಇಟ್ಟುಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ಹಂದಿ, ಮಂಗ ಓಡಿಸಲು ಕೋವಿ ಬೇಕಾದವರು ತೋಟೆ ಕೋವಿಯನ್ನೇ ಕೇಳುತ್ತಾರೆ. ಹಾಗಾಗಿ ಕೇಪಿನ ಕೋವಿಗೆ ಇಲ್ಲಿ ಗಿರಾಕಿ ಕಡಿಮೆ. ತ್ರೀ ನಾಟ್ ತ್ರೀ, 7.62, ಪೊಲೀಸರ ಪಾಯಿಂಟ್ 410 ಮಸ್ಕೆಟ್ ಇವೆಲ್ಲ ನಿಷೇಧಿತ ಬೋರಿನವು (ನಳಿಗೆಯ ಒಳ ಅಳತೆ), ಸಾಮಾನ್ಯರಿಗೆ ಸಿಗುವುದೇ ಇಲ್ಲ. ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಅಂದರೆ ಆ ಕಡೆ ತಿರುಗಿಯೂ ನೋಡಬೇಡಿ.

ನಿಮಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ನಿಮ್ಮ ಹತ್ತಿರ 25 ವರ್ಷದಿಂದ ಇದ್ದರೆ, ನೀವು ಇರುವಾಗಲೇ ವಾರಸುದಾರರಿಗೆ ಲೈಸೆನ್ಸ್ ಕೊಡಿಸಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಮಗ ಅಮೆರಿಕದಲ್ಲಿದ್ದಾನೆ, ಹಾಗಾಗಿ ಊರಿನಲ್ಲಿರುವ ಮಗಳೋ ಬೇರೆ ವಾರಸುದಾರರೋ ಇದ್ದರೆ ಈಗಲೇ ಯೋಚನೆ ಮಾಡಿ. ಯಾರಿಗೂ ಬೇಡವಾದರೆ ವಸ್ತುಸಂಗ್ರಹಾಲಯಕ್ಕೆ ಕೇಳಿ ನೋಡಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಅವು. ಜೋಪಾನವಾಗಿ ಎತ್ತಿದ್ದರಿಂದ ಅವುಗಳ ಒಳಗಿನ ಮದ್ದಿನವರೆಗೂ ಪರೀಕ್ಷೆ ಮಾಡಲು ಆಯಿತು.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅಟ್ಟದ ಮೇಲೋ ಹಳೇ ಕಾಗದಪತ್ರದ ಪೆಟ್ಟಿಗೆಯಲ್ಲೋ ನಿಮ್ಮ ಅಜ್ಜನ ಹೆಸರಿನ ಲೈಸೆನ್ಸ್ ಪುಸ್ತಕ ಇದೆಯಾ ಹುಡುಕಿ. ಮೈಸೂರು ಸಂಸ್ಥಾನದ ಕಾಲದ್ದು ಸಿಕ್ಕರೆ ಬಹಳ ಒಳ್ಳೆಯದು. ಆ ಸೈನಿಕನ ಚೀಟಿ ಕೆ-98ಕ್ಕೆ ಏನು ಮಾಡುತ್ತದೋ ಈ ಪುಸ್ತಕ ನಿಮ್ಮ ಕೋವಿಗೆ ಅದನ್ನೇ ಮಾಡುತ್ತದೆ. ಕೋವಿ ಯಾವ ಮನೆಯದ್ದು, ಯಾವ ವರ್ಷದಿಂದ ಇದೆ ಅಂತ ಹೇಳುವ ಸಾಕ್ಷಿ ಅದೊಂದೇ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಣ ಜಾಗದಲ್ಲಿಡಿ, ಒಂದೊಂದು ಪುಟದ ಫೋಟೊ ತೆಗೆದು ಮಗನಿಗೂ ಕಳಿಸಿ. ಲಾಕಿನ ತಗಡಿನ ಫೋಟೊವನ್ನು ಬೆಳಗ್ಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ, ಮಾಸಿದ ಇಸವಿ ಆಗ ಓದಲು ಸಿಗುತ್ತದೆ. ಆಯುಧಪೂಜೆಗೆ ಒಂದು ಸೇವಂತಿಗೆ, ಮರಕ್ಕೆ ತಾಗದ ಹಾಗೆ ಒಂದು ಬೊಟ್ಟು ಕುಂಕುಮ ಇಡಿ. ಪೂಜೆ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿಬಿಡಿ. ಎಮರಿ ಕಾಗದ ಮಾತ್ರ ಬೇಡ.